ಮಕ್ಬೂಲ್ ಚಾಚಾ ಕಟ್ಟು ಹಾಕದ ಚಿತ್ರ

ಫೋಟೊಗೆ ಕಟ್ಟು ಹಾಕುವಾಗ ಹಿಂದಿನಿಂದ ಮೊಳೆ ಹೊಡೆಯಲು ಅದನ್ನು ಬೋರಲು ಮಾಡಲೇಬೇಕು. ಶಹಾಬಾದದ ಬಜಾರಿನ ಮಕ್ಬೂಲ್ ಚಾಚಾ, ಲಕ್ಷ್ಮಿಯಿರಲಿ ವೆಂಕಟರಮಣನಿರಲಿ, ಮೊದಲು ಕೈ ತೊಳೆದು, ಒಗೆದ ಟವೆಲ್ ಹಾಸಿ, ಕೂಸನ್ನು ಮಲಗಿಸಿದಂತೆ ಮಲಗಿಸುತ್ತಿದ್ದರು. ಯಾರಾದರೂ ಕೆಣಕಿದರೆ, "ನಿಮ್ಮ ದೇವರು ನನ್ನ ಅಂಗಡಿಗಿ ಬಂದ ಬೀಗರು. ಉಪಚಾರ ಕಮ್ಮಿ ಆಗಬಾರ್ದು," ಎನ್ನುತ್ತಿದ್ದರು.

ಒಮ್ಮೆ ದಂಡೋತಿಯ ನನ್ನ ಇಂದಿರತ್ತೆಯನ್ನು ಅವರಲ್ಲಿಗೆ ಕರೆದೊಯ್ದಿದ್ದೆ. ಅತ್ತೆಯ ನೆರೆಮನೆಯ ಗೆಳತಿ ಜುಬೇದಾ ಹೊಸ ಮನೆ ಕಟ್ಟಿಸಿದ್ದಳು; ಮರುದಿನ ಅಲ್ಲಿ ಊಟ. ಯಾರ ಹೊಸ ಮನೆಗಾದರೂ ದೇವರ ಪಟ ಕೊಡುವುದು ಅತ್ತೆಯ ರೂಢಿ. ಜುಬೇದಾಗೂ ಕಡಿಮೆಯಾಗಬಾರದೆಂದು ವಾಡಿಯ ಸ್ಟುಡಿಯೊದಲ್ಲಿ ಒಂದು ಚಿತ್ರದ ಪ್ರಿಂಟು ತೆಗೆಸಿ ತಂದಿದ್ದಳು: ಗಡ್ಡ, ರುಮಾಲು, ತಲೆಯ ಹಿಂದೆ ಪ್ರಭೆ. ಪೈಗಂಬರರದೇ ಎಂದು ಸ್ಟುಡಿಯೊದವನು ಹೇಳಿದ್ದನಂತೆ.

ಚಾಚಾ ಬಿಚ್ಚಿ ನೋಡಿ, ಮತ್ತೆ ಸುರುಳಿ ಸುತ್ತಿ, ಅತ್ತೆಗೆ ಚಹಾ ತರಿಸಿದರು.

"ಅಕ್ಕಾರ, ಇದಕ್ಕ ನಾ ಕಟ್ಟು ಹಾಕಂಗಿಲ್ರಿ. ಬ್ಯಾರೆ ದೇಶದಾಗ ಹಿಂದ ಬರದಾರಂತ, ನಮ್ಮ ಕಡಿ ಅವರ ಮುಖ ಬರಿಯಂಗಿಲ್ಲ. ಬರದ್ರ ಮಂದಿ ಅಲ್ಲಾನ್ನ ಬಿಟ್ಟು ಅದಕ್ಕೇ ಕೈ ಮುಗದಾರು ಅಂತ ಹಿರ್ಯಾರು ಬ್ಯಾಡ ಅಂದಾರ. ಜುಬೇದಾ ನಿಮ್ಮ ಮಾರಿ ನೋಡಿ ತಗೋತಾಳ. ಗೋಡಿಗಿ ಹಾಕಲಿಕ್ಕ ಬರಂಗಿಲ್ಲ, ನೀವು ಕೊಟ್ಟದ್ದು ತಗದಿಡಲಿಕ್ಕ ಮನಸ ಬರಂಗಿಲ್ಲ. ಅಕಿಗ್ಯಾಕ ಆ ತ್ರಾಸ?"

ಅತ್ತೆಯ ಮುಖ ಸಣ್ಣದಾಯಿತು. ಇಷ್ಟು ವರ್ಷ ಬಾಜೂಕಿದ್ದೂ ತನಗೆ ತಿಳಿಯಲಿಲ್ಲವಲ್ಲ ಎಂದು ಪೇಚಾಡಿದಳು. ಆಮೇಲೆ ಕೇಳಿದಳು: "ಮತ್ತ ಮಾರಿನೇ ಕಾಣದವರನ್ನ ನೆನಸೋದು ಹ್ಯಾಂಗ, ಮಕ್ಬೂಲಣ್ಣ?"

ಸಾಕಿದ ಹಕ್ಕಿ ಸತ್ತು ಸಪ್ಪಗೆ ಕೂತಿದ್ದ ಮಗುವನ್ನು ಪೈಗಂಬರರು ಹಕ್ಕಿಯ ಸಮಾಚಾರ ಕೇಳಿ ಮಾತಾಡಿಸಿದ ಕಥೆಯನ್ನು ಚಾಚಾ, ತಮ್ಮ ತಾಯಿ ಹೇಳಿದ್ದಂತೆಯೇ ಹೇಳಿದರು. "ಹಿಂಗ ನೆನಸ್ತೀವ್ರಿ," ಎಂದರು.

ಚಹಾ ಮುಗಿಯುವಷ್ಟರಲ್ಲಿ ಅತ್ತೆ ಗೋಡೆಯ ಮೇಲಿನ ಸಾಗವಾನಿ ಕಟ್ಟಿನ ಕನ್ನಡಿಯನ್ನು ಇಳಿಸಲು ಹೇಳಿದ್ದಳು. "ದಿನಾ ನನಗ ಬೈತಾಳ. ಬೈಯೋವಾಗ ಹ್ಯಾಂಗ ಕಾಣ್ತಾಳಂತ ನೋಡ್ಕೊಳ್ಳಲಿ."

ಆ ಕನ್ನಡಿ ಜುಬೇದಾಳ ಪಡಸಾಲೆಯಲ್ಲಿದೆ.

ಹೋದ ವರ್ಷ ಕಣ್ಣು ಮಂಜಾಗಿ, ಚಾಚಾ ಅಂಗಡಿ ಮುಚ್ಚಿ ಚಿಂಚೋಳಿಯ ಮಗಳ ಮನೆಗೆ ಹೊರಟರು. ಬೀಳ್ಕೊಡಲು ಗೆಳತಿಯರಿಬ್ಬರೂ ಬಂದಿದ್ದರು. ನಾನು ಅಳುಕುತ್ತಲೇ, ನಿಮ್ಮದೊಂದು ಫೋಟೊ ತೆಗೆಯಲೇ ಎಂದು ಕೇಳಿದೆ. ಚಾಚಾ ಜೇಬಿನಿಂದ ಬಾಚಣಿಗೆ ತೆಗೆದು ಗಡ್ಡ ಬಾಚಿಕೊಂಡರು.

"ತಗೀಪಾ. ಈ ಮಾರಿಗಿ ಯಾರೂ ಕೈ ಮುಗಿಯಂಗಿಲ್ಲ."

ನಗುವಿಗೆ ನನ್ನ ಕೈ ಅಲುಗಿ ಫೋಟೊದಲ್ಲಿ ಚಾಚಾ ಮಸುಕಾಗಿದ್ದಾರೆ. ಪಕ್ಕದಲ್ಲಿ ಅತ್ತೆಯೂ ಜುಬೇದಾಳೂ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದಾರೆ.