ಅಕ್ಕನ ಇಂಗ್ಲಿಷಿಗೆ ಮನೆಯವರೇ ಅರ್ಥ

ನನ್ನ ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ಬ್ಲೀಚಿನ ನೀರಿಗೆ ಕೈ ಬಿರಿದು, ಉಪ್ಪು ಮುಟ್ಟಿದರೂ ಕಣ್ಣಲ್ಲಿ ನೀರು. ಇನ್ನು ಆ ಕೆಲಸ ಬೇಡವೇ ಬೇಡ ಎಂದುಬಿಟ್ಟರು ಡಾಕ್ಟರು. ಅದೇ ಆಸ್ಪತ್ರೆಯ ಸ್ಟೋರಿನಲ್ಲಿ ಒಂದು ಜಾಗ ಖಾಲಿ ಇತ್ತು. ಆದರೆ ಅಲ್ಲಿನ ಡಬ್ಬಗಳ ಮೇಲೆಲ್ಲ ಇಂಗ್ಲಿಷ್. ಸ್ಟೋರಿನ ಸಾಹೇಬರು ಡಬ್ಬ ತೋರಿಸಿ ಅರ್ಥ ಕೇಳುತ್ತಾರೆ. ಹೇಳಿದರೆ ಕೆಲಸ, ಇಲ್ಲದಿದ್ದರೆ ವಾಪಸ್ ಬ್ಲೀಚಿಗೆ.

ಅಕ್ಕ ಅಕ್ಷರ ಕೂಡಿಸಿ ಓದುತ್ತಾಳೆ, ಅರ್ಥ ಮಾತ್ರ ತಲೆಯಲ್ಲಿ ನಿಲ್ಲದು. ಗ್ಲೌಸು, ಸಿರಿಂಜು ಕಣ್ಣಿಗೆ ಕಾಣುತ್ತವೆ. ಕಾಣದ ಪದಗಳನ್ನು ಏನು ಮಾಡುವುದು? ಒಂದೊಂದನ್ನೂ ಮನೆಯವರ ತಲೆಗೆ ಕಟ್ಟಿದಳು. ಸ್ಟೆರೈಲ್ ಎಂದರೆ ಅವಳ ಅತ್ತೆ. ಅವರು ಮಡಿಸಿಟ್ಟ ಟವೆಲ್ಲನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಡಿಸ್ಪೋಸಬಲ್ ಎಂದರೆ ಮಗಳ ಗೆಳತಿಯರು. ಒಂದು ಸಲ ಬಂದವಳು ಮತ್ತೆ ಕಾಣಳು. ಫ್ರಜೈಲ್ ಎಂದರೆ ಭಾವ. ಒಂದು ಮಾತು ಹೆಚ್ಚಾದರೆ ಗೋಡೆಗೆ ಮುಖ ಮಾಡಿ ಕೂತುಬಿಡುತ್ತಾರೆ. ಅಕ್ಕನ ಮನೆ ಪಕ್ಕದಲ್ಲೇ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡು ಮಧ್ಯಾಹ್ನದ ಊಟಕ್ಕೆ ಅವಳಲ್ಲಿಗೇ ಹೋಗುವ ನಾನು ಫ್ಲೇಮಬಲ್.

"ಹಾಗಂದ್ರೇನಕ್ಕಾ?"

"ಬೆಂಕಿ ಹತ್ರ ಇಡಬಾರದ್ದು ಕಣೋ."

"ನಾನ್ಯಾವಾಗ ಹೊತ್ಕೊಂಡು ಉರಿದೆ?" ಲೋಟ ಕುಕ್ಕಿದೆ.

"ನೋಡು, ನಾನು ಬಿಡಿಸಿ ಹೇಳೋದೇ ಬೇಡ."

ಪರೀಕ್ಷೆಯ ಬೆಳಿಗ್ಗೆ ಗಾಬರಿಯಲ್ಲಿ ಅಕ್ಕ ಭಾವನ ಮೇಲೆ ಸಿಕ್ಕಾಪಟ್ಟೆ ಹರಿಹಾಯ್ದಳು. ಅವರು ಎಂದೂ ಇಲ್ಲದ ಹಾಗೆ ನಕ್ಕು, ಸ್ಕೂಟರಿನಲ್ಲಿ ಕರೆತಂದರು. ಎಡವಟ್ಟಾದದ್ದೇ ಅಲ್ಲಿ. ಸಾಹೇಬರು ಮುಚ್ಚಿದ ರಟ್ಟಿನ ಪೆಟ್ಟಿಗೆ ತೋರಿಸಿ, "ಫ್ರಜೈಲ್ ಅಂದ್ರೆ?" ಎಂದಾಗ ಅವಳ ಕಣ್ಣ ಮುಂದೆ ಬಂದದ್ದು ಭಾವನ ನಗುಮುಖ.

"ಏನ್ ಮಾಡಿದ್ರೂ... ತಡ್ಕೊಳ್ಳುತ್ತೆ ಸಾರ್?"

"ಎತ್ತಿ ಹಾಕಿದ್ರೂನಾ ಅಮ್ಮಾ?"

ಅಕ್ಕ ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಮತ್ತೆ ಕೂಡಿಸಿ ಓದಿದಳು.

ಅದೇ ಹೊತ್ತಿಗೆ, ಹೊರಗೆ ಭಾವನ ಜೊತೆ ಬೆಂಚಿನಲ್ಲಿ ಕೂತಿದ್ದ ನನಗೆ ವಾಚ್‌ಮನ್ ಬಂದು ಬೆಂಚು ಬಿಟ್ಟು ಏಳು ಎಂದ. ಏಳು ಅಂತೆ! ನನಗೆ ನೆತ್ತಿಗೇರಿತು. ಭಾವ ತೋಳು ಹಿಡಿದೆಳೆದರು. "ನೀವು ಸುಮ್ನಿರಿ ಭಾವ, ನಿಮಗೇನ್ ಗೊತ್ತಾಗುತ್ತೆ!" ಎಂದೆ. ಅವರು ತೋಳು ಬಿಟ್ಟು, ಎದ್ದು, ಗೋಡೆಗೆ ಮುಖ ಮಾಡಿ ನಿಂತರು. ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಅಕ್ಕ ನೋಡಿದಳು.

"ಇಲ್ಲ ಸಾರ್, ಇಲ್ಲ! ಚೂರು ತಾಗಿದ್ರೂ ಒಡೆಯುತ್ತೆ. ಬಲು ಜೋಪಾನ ಮಾಡ್ಬೇಕು."

ಸಾಹೇಬರು ಸ್ಪಿರಿಟ್ ಕ್ಯಾನ್ ಮುಂದಿಟ್ಟರು. ಫ್ಲೇಮಬಲ್. ನಾನಿನ್ನೂ ಕೂಗಾಡುತ್ತಲೇ ಇದ್ದೆ. ಅಕ್ಕ ಯೋಚಿಸಲೂ ಇಲ್ಲವಂತೆ.

ಈಗ ಅವಳು ಸ್ಟೋರಿನಲ್ಲಿದ್ದಾಳೆ, ಕೈ ಮಾಯುತ್ತಿದೆ. ಹೊಸ ಪದ ಬಂದಾಗಲೆಲ್ಲ ಊಟಕ್ಕೆ ಕೂತ ನಮ್ಮನ್ನು ಒಬ್ಬೊಬ್ಬರನ್ನಾಗಿ ದಿಟ್ಟಿಸುತ್ತಾಳೆ. ಭಾವ ತಟ್ಟೆಯಿಂದ ತಲೆ ಎತ್ತದೆ ಹೇಳುತ್ತಾರೆ: "ನನ್ನ ಬಿಟ್ಬಿಡು ಮಾರಾಯ್ತಿ, ನಂಗಾಗ್ಲೇ ಒಂದಿದೆ."