ಗೆರೆಯಕ್ಕ ಆರಿಸಿದ ಪೆಟ್ಟಿಗೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿದೆ. ಅಲ್ಲಿ ಇಪ್ಪತ್ತಾರು ವರ್ಷಗಳಿಂದ ಚಾದರಗಳಿಗೆ ಇಸ್ತ್ರಿ ಹಾಕುತ್ತಿರುವ ಹೆಂಗಸನ್ನು ಎಲ್ಲರೂ ಗೆರೆಯಕ್ಕ ಎನ್ನುತ್ತಾರೆ. ಅವಳು ಮಡಿಸಿದ ಚಾದರದ ಗೆರೆ ಕೂದಲೆಳೆಯಷ್ಟೂ ಓರೆಯಾಗುವುದಿಲ್ಲ, ಅದಕ್ಕೇ ಆ ಹೆಸರು. ಮೇಲಿನ ವಾರ್ಡುಗಳ ದಾದಿಯರಲ್ಲಿ ಅವಳ ಮುಖ ನೋಡಿದವರು ಕಡಿಮೆ. ಆದರೆ ಚಾದರ ಬಿಡಿಸುವಾಗ ಇದು ಅವಳ ಕೈಯದ್ದು ಎಂದು ಅವರಿಗೆ ತಿಳಿಯುತ್ತದೆ.

ಇಂಥ ಗೆರೆಯಕ್ಕನ ಚಾದರ ಒಂದು ಮಂಗಳವಾರ ಓರೆಯಾಯಿತು. ಇಸ್ತ್ರಿ ಯಂತ್ರದ ರೋಲರಿನ ಆಚೆ ಬದಿಯಲ್ಲಿ ನಿಂತಿದ್ದ ಬಾಯ್ಲರ್ ಮಾವ ಅದನ್ನು ನೋಡಿದ. ಆಸ್ಪತ್ರೆಗೆಲ್ಲ ಬಿಸಿನೀರು, ಹಬೆ ಒದಗಿಸುವ ಬಾಯ್ಲರಿನ ಉಸ್ತುವಾರಿ ಅವನದು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ವಯಸ್ಸಿನಲ್ಲಿ ಹಿರಿಯನಾದ್ದರಿಂದ ಎಲ್ಲರಿಗೂ ಮಾವ.

"ಏನಮ್ಮ, ಗೆರೆ ಸೊಟ್ಟಗಾಯ್ತಲ್ಲ! ಆಸ್ಪತ್ರೆಗೆ ರಜಾ ಕೊಟ್ಟುಬಿಡೋಣವಾ?"

ಗೆರೆಯಕ್ಕ ನಗಲಿಲ್ಲ. "ನಿದ್ದೆ ಇಲ್ಲ ಮಾವ. ಮೂರು ವಾರ ಆಯ್ತು," ಎಂದಳು. ಚಾದರವನ್ನು ಮತ್ತೆ ಬಿಡಿಸಿ ಮಡಿಸಲು ಶುರುಮಾಡಿದಳು.

ಮೂರು ವಾರದ ಹಿಂದೆ ಅವಳ ಮನೆಯ ಟೀವಿಯಲ್ಲಿ ಒಂದು ಚಾನೆಲ್ ನಿಂತುಹೋಗಿತ್ತು. ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸಣ್ಣ ವಿಷಯ. ಆದರೆ ಮನೆಯಲ್ಲಿ ಎಂಬತ್ತೊಂದು ವರ್ಷದ ಅಮ್ಮ ಇದ್ದಳು. ಅಮ್ಮ ದೂರದ ಸಮುದ್ರದಂಡೆಯಲ್ಲಿ ಹುಟ್ಟಿದವಳು. ಮದುವೆಯಾಗಿ ಬಂದ ಮೇಲೆ ಇಲ್ಲಿಯ ಭಾಷೆ ಕಲಿತು, ಅದರಲ್ಲೇ ಇಬ್ಬರು ಮಕ್ಕಳನ್ನು ಬೆಳೆಸಿ, ಅದರಲ್ಲೇ ಗಂಡನ ಹತ್ತಿರ ಜಗಳವಾಡಿ ಐವತ್ತು ವರ್ಷ ಕಳೆದವಳು. ಎರಡು ವರ್ಷದಿಂದ ಮರೆವಿನ ಕಾಯಿಲೆ. ಕಡೆಯಲ್ಲಿ ಕಲಿತದ್ದು ಮೊದಲು ಹೋಯಿತು. ಈಗ ಅವಳ ಬಾಯಲ್ಲಿ ಉಳಿದಿದ್ದು ತವರಿನ ಮಾತೊಂದೇ, ಮನೆಯಲ್ಲಿ ಆ ಮಾತು ಬಲ್ಲವರು ಯಾರೂ ಇರಲಿಲ್ಲ.

ಬಲ್ಲದ್ದು ಆ ಚಾನೆಲ್ ಮಾತ್ರ. ಆ ದಂಡೆಯ ಊರುಗಳಲ್ಲಿ ಗಾಳಿ ಹೇಗಿದೆ, ಅಲೆ ಎಷ್ಟೆತ್ತರ, ಯಾವ ಬಂದರಿನಲ್ಲಿ ಯಾವ ಮೀನು ಬಂತು ಎಂದು ಇಡೀ ದಿನ ಹೇಳುವ ಬಡಪಾಯಿ ಚಾನೆಲ್. ಅದರ ಮುಂದೆ ಕೂತರೆ ಅಮ್ಮ ಏಳುತ್ತಿರಲಿಲ್ಲ. ವರದಿ ಓದುವವನಿಗೆ ಉತ್ತರ ಕೊಡುತ್ತ, ಒಮ್ಮೊಮ್ಮೆ ಅವನನ್ನು ತಿದ್ದುತ್ತ, ಗೆರೆಯಕ್ಕ ಬೆಳಗಿನ ಪಾಳಿ ಮುಗಿಸಿ ಬರುವವರೆಗೆ ಕುರ್ಚಿಯಲ್ಲೇ ಇರುತ್ತಿದ್ದಳು. ಟೀವಿ ಕಂಪನಿಯವರು ನೋಡುವವರಿಲ್ಲ ಎಂದು ತಮ್ಮ ಪಟ್ಟಿಯಿಂದ ಅದನ್ನು ಕಿತ್ತುಹಾಕಿದರು. ಅದರ ಮರುದಿನವೇ ಅಮ್ಮ ತಲೆದಿಂಬು ಕಂಕುಳಲ್ಲಿ ಇಟ್ಟುಕೊಂಡು ಬಸ್ ನಿಲ್ದಾಣದಲ್ಲಿ ಸಿಕ್ಕಳು. ಎರಡನೇ ಸಲ ದೊಡ್ಡ ರಸ್ತೆಯ ನಡುವೆ. ಲಾರಿಯವನು ಬ್ರೇಕ್ ತುಳಿದು, ಇಳಿದು ಬಂದು, ಕೈಹಿಡಿದು ದಾಟಿಸಿದನಂತೆ. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ ನೋಡಿದ ದಿನ ಅಮ್ಮ ಕೈಯ ಗೆಣ್ಣು ಕೆಂಪಾಗುವಷ್ಟು ಬಡಿದಿದ್ದಳು. ಮತ್ತೆ ಹಾಗೆ ಮಾಡಲು ಗೆರೆಯಕ್ಕನಿಗೆ ಮನಸ್ಸು ಬರಲಿಲ್ಲ.

ತಮ್ಮ ಫೋನ್ ಮಾಡಿದ್ದ. "ಅಕ್ಕ, ನಾನು ಕೆಟ್ಟವನಾಗ್ತೀನಿ ಅಂತ ಗೊತ್ತು. ಆದ್ರೂ ಹೇಳ್ತೀನಿ. ವಯಸ್ಸಾದವರನ್ನ ನೋಡ್ಕೊಳ್ಳೋ ಒಂದು ಜಾಗ ಸಿಕ್ಕಿದೆ. ಒಂದು ಹಾಸಿಗೆ ಖಾಲಿ ಇದೆ. ಭಾನುವಾರ ಅರ್ಜಿ ತಗೊಂಡು ಬರ್ತೀನಿ. ಇನ್ನೊಂದು ಸಲ ಅಮ್ಮ ರಸ್ತೆಗೆ ಹೋದ್ರೆ ನೀನು ತಡ್ಕೋತೀಯಾ?"

ಗೆರೆಯಕ್ಕನಿಗೆ ಅಮ್ಮನನ್ನು ಕಳಿಸಲು ಇಷ್ಟವಿಲ್ಲ, ಕೆಲಸ ಬಿಡುವ ಹಾಗಿಲ್ಲ. ಭಾನುವಾರದೊಳಗೆ ಅಮ್ಮನನ್ನು ಮತ್ತೆ ಆ ಕುರ್ಚಿಯಲ್ಲಿ ಕೂರಿಸಬೇಕು, ಅಷ್ಟೆ.

ಇದನ್ನೆಲ್ಲ ಕೇಳಿದ ಬಾಯ್ಲರ್ ಮಾವ ತಲೆ ಕೊಡವಿದ. "ಅಯ್ಯೋ ಪೆದ್ದಿ! ಚಾನೆಲ್ ಸತ್ತಿಲ್ಲ ಕಣಮ್ಮ. ಬೇರೆ ಉಪಗ್ರಹದಲ್ಲಿ ಈಗಲೂ ಬಿಟ್ಟಿ ಬರ್ತಿದೆ. ಕಂಪನಿಯವರ ಪೆಟ್ಟಿಗೆ ಅವರು ಹೇಳಿದ್ದನ್ನ ಮಾತ್ರ ತೋರಿಸುತ್ತೆ. ನಿನಗೆ ಬೇಕಿರೋದು ಲಿನಕ್ಸ್ ರಿಸೀವರ್ ಅನ್ನೋ ಪೆಟ್ಟಿಗೆ."

"ಅದೇನು ಮಾವ?"

"ಒಳಗಿನ ಸಾಫ್ಟ್‌ವೇರ್ ಲಿನಕ್ಸ್. ಅಂದ್ರೆ ಬೀಗದಕೈ ನಿನ್ನ ಹತ್ರಾನೇ ಇರುತ್ತೆ ಅಂತ ತಿಳ್ಕೋ. ಯಾವ ಚಾನೆಲ್ ಇರಬೇಕು, ಯಾವುದು ಮೊದಲು ಬರಬೇಕು, ಎಲ್ಲಾ ನೀನೇ ಬರೀಬಹುದು."

ಬಾಯ್ಲರ್ ಮಾವನಿಗೆ ಈ ಪೆಟ್ಟಿಗೆಗಳ ಹುಚ್ಚು. ಮನೆಯಲ್ಲಿ ಐದು ಇಟ್ಟುಕೊಂಡು ಹೆಂಡತಿಯ ಕೈಲಿ ಬೈಸಿಕೊಳ್ಳುತ್ತಿದ್ದ. ಊಟದ ಬಿಡುವಿನಲ್ಲಿ ಗೆರೆಯಕ್ಕ ನೋಟ್‌ಬುಕ್ ತೆರೆದು ಅವನು ಹೇಳಿದ್ದನ್ನೆಲ್ಲ ಬರೆದುಕೊಂಡಳು. ಟ್ಯೂನರ್ ಎಂದರೆ ಡಿಶ್‌ನಿಂದ ಬಂದ ಸಿಗ್ನಲ್ ಹಿಡಿಯುವ ಭಾಗ. ಅದು ಒಂದಿರಬಹುದು, ಎರಡಿರಬಹುದು, ನಾಲ್ಕೂ ಇರಬಹುದು.

"ನಾಲ್ಕಿದ್ರೆ ಒಂದೇ ಸಲ ನಾಲ್ಕು ಚಾನೆಲ್ ರೆಕಾರ್ಡ್ ಮಾಡಬಹುದು," ಎಂದ ಮಾವನ ಕಣ್ಣು ಹೊಳೆಯಿತು.

"ನಮ್ಮಮ್ಮನಿಗೆ ಇರೋದು ಎರಡೇ ಕಣ್ಣು ಮಾವ. ಅದ್ರಲ್ಲಿ ಒಂದಕ್ಕೆ ಪೊರೆ."

ಪಾಳಿ ಮುಗಿದ ಮೇಲೆ ಅವಳು ಅಂಗಡಿಗೆ ಹೋದಳು. ಕೆಳಮನೆಯ ದರ್ಜಿಯಮ್ಮ ಹೊಲಿಗೆ ಯಂತ್ರವನ್ನು ಮೆಟ್ಟಿಲ ಪಕ್ಕಕ್ಕೆ ಎಳೆದುಕೊಂಡು ಅಮ್ಮನ ಮೇಲೆ ಒಂದು ಕಣ್ಣಿಟ್ಟಿದ್ದಳು. ಬೀಗ ಬಿಟ್ಟಂದಿನಿಂದ ಪಾಳಿಯ ಹೊತ್ತಿನಲ್ಲೂ ಅವಳೇ ಕಾಯುತ್ತಿದ್ದಳು, ಇವತ್ತು ಇನ್ನೊಂದು ಗಂಟೆ ಮಾತ್ರ ಎಂದು ಕರಾರು.

ಅಂಗಡಿಯವನು ದೊಡ್ಡದೊಂದು ಕಪ್ಪು ಪೆಟ್ಟಿಗೆ ಮುಂದಿಟ್ಟು ಅದರ ಗುಣಗಾನ ಶುರುಮಾಡಿದ. ಹಾರ್ಡ್ ಡಿಸ್ಕ್ ಇದೆ, ಬಣ್ಣದ ಪುಟ್ಟ ಪರದೆ ಇದೆ, ಆಟ ಆಡಬಹುದು, ಹಾಡು ಕೇಳಬಹುದು. ಗೆರೆಯಕ್ಕ ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ನೋಟ್‌ಬುಕ್ ನೋಡಿಕೊಂಡು ಕೇಳಿದಳು.

"ಕರೆಂಟ್ ಹೋಗಿ ಬಂದ್ರೆ ತಾನೇ ಆನ್ ಆಗುತ್ತಾ?"

"ಆಗೋ ಹಾಗೆ ಇಡಬಹುದು."

"ಆನ್ ಆದಾಗ ಯಾವ ಚಾನೆಲ್ ಬರುತ್ತೆ?"

ಅಂಗಡಿಯವನು ತಬ್ಬಿಬ್ಬಾದ. ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಅವನನ್ನು ಯಾರೂ ಕೇಳಿರಲಿಲ್ಲ. "ನೀವು ಯಾವುದು ಇಟ್ಟಿರ್ತೀರೋ ಅದು."

"ರಿಮೋಟ್ ಎಲ್ಲೋ ಎತ್ತಿಟ್ಟುಬಿಟ್ರೂ ನಡೆಯುತ್ತಾ? ಪೆಟ್ಟಿಗೆ ಮೇಲೆ ಬಟನ್ ಇದೆಯಾ?"

"ಇದರಲ್ಲಿಲ್ಲ. ಆ ಸಣ್ಣದರಲ್ಲಿದೆ. ಆದ್ರೆ ಅದು ಒಂದೇ ಟ್ಯೂನರ್, ಅಮ್ಮ. ಹಳೇ ಮಾಡೆಲ್ಲು. ಅದನ್ನ ತಗೊಳ್ಳೋವ್ರೇ ಇಲ್ಲ."

"ಕೆಟ್ರೆ ಮನೇಲೇ ಸರಿಮಾಡ್ಕೋಬಹುದಾ?"

"ಸಾಫ್ಟ್‌ವೇರ್ ಕೆಟ್ರೆ ಪೆನ್ ಡ್ರೈವ್‌ನಿಂದ ಹೊಸದಾಗಿ ತುಂಬಬಹುದು. ಅದೊಂದು ಅನುಕೂಲ ಇದೆ."

ಗೆರೆಯಕ್ಕ ಸಣ್ಣದನ್ನೇ ತೆಗೆದುಕೊಂಡಳು. ಇಷ್ಟು ಪ್ರಶ್ನೆ ಕೇಳಿ ಕೊನೆಗೆ ಇದನ್ನಾ ಎಂಬಂತೆ ಅಂಗಡಿಯವನು ಮೂಗು ಮುರಿದ.

ಶುಕ್ರವಾರ ಡಿಶ್ ರಿಪೇರಿಯವನು ತಾರಸಿ ಹತ್ತಿದ. ಡಿಶ್ಶನ್ನು ಬೆರಳಗಲ ಬೆರಳಗಲ ತಿರುಗಿಸುತ್ತ "ಬಂತಾ? ಬಂತಾ?" ಎಂದು ಮೇಲಿನಿಂದ ಕೂಗಿದ. "ಇಲ್ಲ, ಇಲ್ಲ," ಎಂದು ಗೆರೆಯಕ್ಕ ಕಿಟಕಿಯಿಂದ ಕೂಗಿದಳು. ಮುಕ್ಕಾಲು ಗಂಟೆಯಾದ ಮೇಲೆ ಸಿಗ್ನಲ್ ಸಿಕ್ಕಿತು. ಅಷ್ಟರಲ್ಲಿ ಅಮ್ಮ ಎರಡು ಸಲ ಚಪ್ಪಲಿ ಹಾಕಿಕೊಂಡಿದ್ದಳು. ಚಾನೆಲ್ ಹುಡುಕಿಸಿ ಪಟ್ಟಿ ಮಾಡುವುದಷ್ಟೇ ಬಾಕಿ ಉಳಿಯಿತು. ಅದಕ್ಕೂ ಮೊದಲು ಸಾಫ್ಟ್‌ವೇರ್ ಹೊಸದು ಮಾಡಿಕೊಂಡುಬಿಡು, ಇಲ್ಲದಿದ್ದರೆ ಆಮೇಲೆ ಪಟ್ಟಿಯೆಲ್ಲ ಮತ್ತೆ ಮಾಡಬೇಕಾದೀತು ಎಂದು ಬಾಯ್ಲರ್ ಮಾವ ಎಚ್ಚರಿಸಿದ್ದ.

ಶನಿವಾರ ಮಧ್ಯಾಹ್ನ ಮನೆಗೆ ಬಂದವಳು ಕೈಕಾಲು ತೊಳೆದು, ಅಮ್ಮನಿಗೆ ಉಣಿಸಿ, ಪೆಟ್ಟಿಗೆಯ ಮುಂದೆ ಕೂತಳು. ಫೋನಿನ ಇಂಟರ್ನೆಟ್ಟಿಗೆ ಅದನ್ನು ಜೋಡಿಸಿದಳು. ಪರದೆಯ ಮೇಲೆ ಕೇಳಿದ ಪ್ರತಿಯೊಂದನ್ನೂ ಎರಡೆರಡು ಸಲ ಓದಿ ಗುಂಡಿ ಒತ್ತಿದಳು. ಒಂದು ಹಸಿರು ಪಟ್ಟಿ ನಿಧಾನವಾಗಿ ತುಂಬುತ್ತ ಅರ್ಧಕ್ಕೆ ಬಂತು. ಆಮೇಲೆ ಪರದೆ ಕಪ್ಪಾಯಿತು. ಪೆಟ್ಟಿಗೆಯ ಮುಂಭಾಗದಲ್ಲಿ ಕೆಂಪು ದೀಪ ಹೊತ್ತಿಕೊಂಡಿತು.

ಇಸ್ತ್ರಿ ವಿಭಾಗಕ್ಕೆ ಸೇರಿದವರಿಗೆ ಮೊದಲ ದಿನ ಒಂದೇ ಪಾಠ. ರೋಲರಿನ ಕೆಂಪು ದೀಪ ಹೊತ್ತಿದರೆ ಯೋಚಿಸಬೇಡ, ಯಾರನ್ನೂ ಕರೆಯಬೇಡ, ಮೊದಲು ಪ್ಲಗ್ ಕೀಳು. ಗೆರೆಯಕ್ಕ ಸೇರಿದ ವರ್ಷವೇ ಯೋಚಿಸುತ್ತ ನಿಂತ ಒಬ್ಬಳ ಮೂರು ಬೆರಳು ಹೋಗಿದ್ದವು. ಇಪ್ಪತ್ತಾರು ವರ್ಷದಲ್ಲಿ ನೂರಾರು ಸಲ ಪ್ಲಗ್ ಕಿತ್ತ ಕೈ ಅದು. ಈಗಲೂ ಅವಳನ್ನು ಕೇಳದೆ ತಾನೇ ಹೋಯಿತು. ಕಿತ್ತು ಕೈಯಲ್ಲಿ ಹಿಡಿದ ಮೇಲೆಯೇ ಇದು ರೋಲರ್ ಅಲ್ಲ ಎಂದು ಅವಳಿಗೆ ಹೊಳೆಯಿತು.

ಮತ್ತೆ ಚುಚ್ಚಿದಳು. ದೀಪ ಒಮ್ಮೆ ಮಿಣುಕಿ ಆರಿತು. ಪರದೆಯಲ್ಲಿ ಏನೂ ಇಲ್ಲ. ಗುಂಡಿ ಒತ್ತಿದರೂ ಇಲ್ಲ, ಬೇಡಿಕೊಂಡರೂ ಇಲ್ಲ. ಹಿಂದಿನಿಂದ ಬಾಗಿಲ ಚಿಲಕದ ಸದ್ದು ಕೇಳಿತು. ಗೆರೆಯಕ್ಕ ಎದ್ದುಹೋಗಿ ಅಮ್ಮನ ಕೈ ಹಿಡಿದು ಕರೆತಂದಳು. ಫೋನ್ ಮಾಡುವ ಮೊದಲು ಸ್ವಲ್ಪ ಹೊತ್ತು ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಅಳು ಬರುತ್ತದೇನೋ ಅಂದುಕೊಂಡಳು. ಅಳುವುದಕ್ಕೂ ತ್ರಾಣ ಬೇಕಲ್ಲ.

"ಪ್ಲಗ್ ಕಿತ್ತೆಯಾ?" ಫೋನಿನಲ್ಲಿ ಬಾಯ್ಲರ್ ಮಾವ ಕಿರುಚಿದ. "ಒಳಗೆ ಸಾಫ್ಟ್‌ವೇರ್ ಬರೀತಿರುವಾಗ ಕಿತ್ತೆಯಾ? ಯಾರಾದ್ರೂ ಹಾಗೆ ಮಾಡ್ತಾರೇನಮ್ಮ?"

"ಕೆಂಪು ದೀಪ ಬಂತು ಮಾವ."

ಅವನ ದನಿ ಇಳಿಯಿತು. ರೋಲರಿನ ಪಕ್ಕದ ಗೋಡೆಗೆ ಆ ನಿಯಮದ ಫಲಕ ಹೊಡೆದವನು ಅವನೇ. "ಸರಿ ಬಿಡು," ಎಂದ. "ಬೆಳಗ್ಗೆ ಪೆನ್ ಡ್ರೈವ್ ತಗೊಂಡು ಬರ್ತೀನಿ. ಅಲ್ಲೀವರೆಗೂ ಅದನ್ನ ಮುಟ್ಟಬೇಡ."

ಭಾನುವಾರ ಹತ್ತು ಗಂಟೆಗೆ ಬಾಯ್ಲರ್ ಮಾವ ಬಂದ. ಮೆಟ್ಟಿಲು ಹತ್ತಿದ ಆಯಾಸಕ್ಕೆ ಉಸ್ಸೆಂದು ಕೂತು, ಪೆನ್ ಡ್ರೈವ್ ಚುಚ್ಚಿ, ಪೆಟ್ಟಿಗೆಯ ಮುಂದಿನ ಬಟನ್ ಒತ್ತಿ ಹಿಡಿದು ಪ್ಲಗ್ ಹಾಕಿಸಿದ. "ನೋಡು, ದೊಡ್ಡ ಪೆಟ್ಟಿಗೆ ತಗೊಂಡಿದ್ರೆ ಈ ಬಟನ್ನೇ ಇರ್ತಿರಲಿಲ್ಲ. ಪರವಾಗಿಲ್ಲ, ಆರಿಸೋದು ಗೊತ್ತು ನಿನಗೆ."

ಕೆಂಪು ದೀಪ ಹೊತ್ತಿತು.

"ಹತ್ತು ನಿಮಿಷ ಹೀಗೇ ಇರುತ್ತೆ. ಏನೂ ಮಾಡ್ಬೇಡ."

ಗೆರೆಯಕ್ಕ ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕೂತಳು. ಬಾಯ್ಲರ್ ಮಾವ ನಕ್ಕ. ಅವಳು ನಗಲಿಲ್ಲ. ದೀಪದ ಮೇಲಿಂದ ಕಣ್ಣು ಕೀಳದೆ ಒಂದೊಂದೇ ನಿಮಿಷ ಸವೆಸಿದಳು. ಆರನೇ ನಿಮಿಷವೋ ಏಳನೆಯದೋ ಇರಬೇಕು, ತಿರುಗಿ ನೋಡಿದರೆ ಬಾಗಿಲು ತೆರೆದಿತ್ತು, ಅಮ್ಮ ಮಂಗಮಾಯ.

"ಹೋಗು, ಹೋಗು! ಇದನ್ನ ನಾನು ಕಾಯ್ತೀನಿ!"

ಅವಳು ಬರಿಗಾಲಿನಲ್ಲೇ ಓಡಿದಳು. ಮೆಟ್ಟಿಲ ತಿರುವಿನಲ್ಲಿ ತಮ್ಮ ನಿಂತಿದ್ದ. ಅವನ ಅಂಗಿಯ ತೋಳನ್ನು ಅಮ್ಮ ಬಲವಾಗಿ ಹಿಡಿದುಕೊಂಡು ಏನೋ ಕೇಳುತ್ತಿದ್ದಳು. ತಮ್ಮನ ಇನ್ನೊಂದು ಕೈಯಲ್ಲಿ ಅರ್ಜಿಯ ಕಾಗದ ಮುದುಡಿತ್ತು.

"ಏನಂತಿದ್ದಾಳೆ ಅಕ್ಕ? ಅದನ್ನೇ ಕೇಳ್ತಿದ್ದಾಳೆ, ಬಿಡ್ತಾನೇ ಇಲ್ಲ."

"ದೋಣಿ ಬಂತಾ ಅಂತ." ಎರಡು ವರ್ಷ ಆ ಚಾನೆಲ್ ಕಿವಿಗೆ ಬಿದ್ದು ಅಷ್ಟು ಶಬ್ದ ಅವಳಿಗೆ ತಿಳಿದಿತ್ತು.

"ನಾನೇನು ಹೇಳ್ಲಿ?"

"ಬರ್ತಿದೆ ಅನ್ನು. ತಲೆ ಆಡಿಸು, ಸಾಕು."

ತಮ್ಮ ತಲೆ ಆಡಿಸಿದ. ಅಮ್ಮ ಅವನ ತೋಳು ಬಿಡದೆಯೇ ಮೇಲೆ ಹತ್ತಿದಳು. ಅಕ್ಕನ ಕಣ್ಣ ಕೆಳಗಿನ ಕಪ್ಪನ್ನು ಅವನು ನೋಡಿದ. ಅವಳು ಅದನ್ನು ಗಮನಿಸಿ ಮುಖ ತಿರುಗಿಸಿದಳು.

ಒಳಗೆ ಪೆಟ್ಟಿಗೆ ಆಗಲೇ ಜೀವ ಹಿಡಿದಿತ್ತು. ಬಾಯ್ಲರ್ ಮಾವ ಚಾನೆಲ್ ಹುಡುಕಿಸಿದ. ನಾನೂರ ಹನ್ನೆರಡು ಚಾನೆಲ್‌ಗಳು ಸಾಲುಗಟ್ಟಿದವು. ಗೆರೆಯಕ್ಕ ರಿಮೋಟ್ ಕೈಗೆ ತೆಗೆದುಕೊಂಡು ಒಂದನ್ನು ಪಟ್ಟಿಯ ತಲೆಗೆ ಏರಿಸಿದಳು, ಮಿಕ್ಕಿದ್ದನ್ನೆಲ್ಲ ಅಳಿಸಿದಳು. "ಅಯ್ಯೋ, ಒಂದು ಹತ್ತಾದ್ರೂ ಇಟ್ಕೋ," ಎಂದು ಬಾಯ್ಲರ್ ಮಾವ ಒದ್ದಾಡಿದ. ಅವಳು ಕೇಳಲಿಲ್ಲ.

ಪರದೆಯ ಮೇಲೆ ಕೋಟು ತೊಟ್ಟ ಒಬ್ಬ ಮನುಷ್ಯ ನಕ್ಷೆಯ ಮುಂದೆ ನಿಂತು ದಂಡೆಯ ಊರುಗಳ ಹೆಸರು ಓದತೊಡಗಿದ. ಅಮ್ಮ ತಮ್ಮನ ತೋಳು ಬಿಟ್ಟಳು. ನಿಧಾನವಾಗಿ ಬಂದು ಕುರ್ಚಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ಅವನಿಗೆ ಏನೋ ಉತ್ತರ ಕೊಟ್ಟಳು.

ತಮ್ಮ ಬೆರಗಾಗಿ ಟೀವಿಗೂ ಅಮ್ಮನಿಗೂ ನಡುವೆ ನಿಂತುಬಿಟ್ಟಿದ್ದ. ಅಮ್ಮ ಅವನಿಗೊಂದು ಬೈಗುಳ ಬಿಸಾಡಿದಳು. ಇವರ ಚಿಕ್ಕಂದಿನಲ್ಲಿ ಸಿಟ್ಟು ನೆತ್ತಿಗೇರಿದಾಗ ಮಾತ್ರ ತವರಿನ ಮಾತಿಗೆ ಹೊರಳುತ್ತಿದ್ದವಳು ಅವಳು. ಹಾಗಾಗಿ ಅಕ್ಕ ತಮ್ಮ ಇಬ್ಬರಿಗೂ ಆ ಬೈಗುಳ ಚೆನ್ನಾಗಿ ಅರ್ಥವಾಯಿತು. ಐವತ್ತರ ಹತ್ತಿರದ ತಮ್ಮ ಹುಡುಗನ ಹಾಗೆ ಪಕ್ಕಕ್ಕೆ ಜಿಗಿದ.

ಅರ್ಧ ಗಂಟೆ, ಮುಕ್ಕಾಲು ಗಂಟೆ ಅಮ್ಮ ಏಳಲಿಲ್ಲ. ಬಾಯ್ಲರ್ ಮಾವ ಚಹಾ ಕುಡಿದು ಹೊರಟುಹೋದ. ತಮ್ಮ ಅರ್ಜಿಯನ್ನು ಮೊಣಕಾಲ ಮೇಲಿಟ್ಟು ಅಂಗೈಯಿಂದ ಉಜ್ಜಿ ಸರಿಮಾಡುತ್ತಿದ್ದ.

"ಹಾಸಿಗೆ ಬೇಡ ಅಂತ ಹೇಳಿಬಿಡ್ಲಾ ಅಕ್ಕ?"

ಹೌದು ಎನ್ನಲು ಗೆರೆಯಕ್ಕ ಬಾಯಿ ತೆರೆದಳು. ಆದರೆ ಬಂದ ಮಾತು ಬೇರೆ.

"ಈಗ ಬೇಡ ಅನ್ನು. ಹಾಗೇ ಒಂದು ಕೇಳಿಟ್ಟಿರು. ಅಲ್ಲಿ ತಾರಸಿ ಮೇಲೆ ಡಿಶ್ ಹಾಕೋಕೆ ಬಿಡ್ತಾರಾ ಅಂತ."

ತಮ್ಮ ತಲೆಯೆತ್ತಿದ.

"ನನ್ನ ಕಾಲೂ ಮೊದಲಿನ ಹಾಗಿಲ್ಲ ಕಣೋ. ಇವತ್ತಿಗೆ ಅಮ್ಮ ಇಲ್ಲೇ ಇರ್ಲಿ. ನನ್ನ ಕೈಲಿ ಆಗೋವರೆಗೂ ಇರ್ಲಿ. ಆಗದೇ ಹೋದ ದಿನ ಎಲ್ಲಿಗೆ ಹೋದ್ರೂ ಈ ಪೆಟ್ಟಿಗೆ ಅವಳ ಜೊತೆ ಹೋಗಬೇಕು. ಅದನ್ನ ಹಾಕೋದು ನಿನಗೂ ಗೊತ್ತಿರಬೇಕು. ಪೆನ್ ಇದೆಯಾ?"

ಇತ್ತು. ಬರೆಯಲು ಬೇರೆ ಕಾಗದ ಸಿಗದೆ ಅವನು ಅರ್ಜಿಯನ್ನೇ ಮಗುಚಿ ಹಿಡಿದ. ಗೆರೆಯಕ್ಕ ನೋಟ್‌ಬುಕ್ ನೋಡಿಕೊಂಡು ಉಪಗ್ರಹದ ಹೆಸರು, ಡಿಶ್ ತಿರುಗಿಸಬೇಕಾದ ದಿಕ್ಕು, ಚಾನೆಲ್ಲಿನ ಸಂಖ್ಯೆ ಒಂದೊಂದಾಗಿ ಹೇಳಿದಳು. ಕೆಂಪು ದೀಪ ಬಂದರೆ ಪ್ಲಗ್ ಕೀಳಬಾರದು ಎನ್ನುವುದನ್ನೂ ಬರೆಸಿದಳು.

"ಮೂರನೇ ಅಂಕಿ ಏಳು ಕಣೋ, ಒಂದರ ಹಾಗೆ ಕಾಣ್ತಿದೆ," ಎಂದು ಬಗ್ಗಿ ನೋಡಿದಳು. "ತಿದ್ದು."

ತಮ್ಮ ತಿದ್ದಿದ. ಮಾತು ಜೋರಾಯಿತೆಂದು ಅಮ್ಮ ಕುರ್ಚಿಯಿಂದಲೇ ಇಬ್ಬರ ಕಡೆಗೂ ಕೈ ಬೀಸಿ ಗದರಿದಳು. ಅಕ್ಕ ತಮ್ಮ ದನಿ ತಗ್ಗಿಸಿ ಮುಂದಿನ ಸಾಲಿಗೆ ಹೋದರು.