ಹಬ್ಬಕ್ಕೊಮ್ಮೆಯ ಪೇಚಕಸ್

ಮೊನ್ನೆ ಮೊಮ್ಮಗಳು ಹತ್ಯಾರಗಳ ಹೊಸ ಪೆಟ್ಟಿಗೆ ತಂದಳು. ಮುಚ್ಚಳ ತೆರೆದದ್ದೇ ತಡ, ಎಣ್ಣೆ ಸವರಿದ ಕಬ್ಬಿಣದ ವಾಸನೆ ಮೂಗಿಗೆ ಬಡಿಯಿತು. "ಅಗ್ಗದ್ದೇ ತಂದೀನಿ ಅಜ್ಜಿ, ಮನಿಗೆ ಸಾಕಲ್ಲ?" ಎಂದಳು. ಶಹಾಪುರದ ಬಜಾರು, ಕಬ್ಬಿಣದಂಗಡಿಯ ಕಾಕಾ... ಎಲ್ಲ ಒಟ್ಟಿಗೆ ನೆನಪಾಯಿತು.

ನಿಜಾಮರ ಆಳ್ವಿಕೆ ಹೋಗಿ ಕೆಲವು ವರ್ಷಗಳಾಗಿದ್ದವು. ಕನ್ನಡ ನಾಡಿಗೆ ಸೇರುವ ಮಾತು ಕಟ್ಟೆ ಕಟ್ಟೆಯಲ್ಲೂ ನಡೆದಿತ್ತು. ಉರ್ದು ಬರವಣಿಗೆಯಲ್ಲೇ ಕೈ ಪಳಗಿದ್ದ ನನ್ನ ಗಂಡ, ಕಚೇರಿಗಳಲ್ಲಿ ಉರ್ದು ನಿಂತ ಮೇಲೆ ನೌಕರಿ ಕಳೆದುಕೊಂಡು, ಮನೆಯಲ್ಲಿ ಕನ್ನಡದ ಕಾಗುಣಿತ ತಿದ್ದುತ್ತಿದ್ದರು. ಒಲೆ ಹೊತ್ತುತ್ತಿದ್ದುದು ನನ್ನ ಹೊಲಿಗೆ ಮಷಿನ್ನಿನಿಂದ. ಆದರೆ ಹೆಂಡತಿ ಊರಿನವರ ಕುಬಸ ಹೊಲಿದು ಮನೆ ನಡೆಸುತ್ತಾಳೆಂದು ಗೊತ್ತಾದರೆ ಅವರು ತಲೆ ಎತ್ತಿ ತಿರುಗುವುದು ಹೇಗೆ? ಬಟ್ಟೆಗಳು ಹಿತ್ತಲ ಬಾಗಿಲಿಂದ ಬರುತ್ತಿದ್ದವು, ಹಾಗೆಯೇ ಹೋಗುತ್ತಿದ್ದವು.

ಮಷಿನ್ನಿನಲ್ಲಿ ಸೂಜಿಯ ಕೆಳಗಿರುವ ತಗಡನ್ನು ಆಗಾಗ ಬಿಚ್ಚಿ ದಾರದ ಕಸ ತೆಗೆಯಬೇಕು. ರಿಪೇರಿಯವನನ್ನು ಕರೆದರೆ ಗುಟ್ಟು ಬಯಲಾಗುತ್ತದೆ. ಪೇಚು, ಅಂದರೆ ತಿರುಪುಮೊಳೆ, ಬಿಚ್ಚುವ ಪೇಚಕಸ್ ಕೊಳ್ಳಲು ನಾನೇ ಹೋದೆ.

ಕಾಕಾರ ಅಂಗಡಿಯಲ್ಲಿ ಅಗ್ಗದ ಮಾಲು ಕೆಳಗಿನ ಬುಟ್ಟಿಯಲ್ಲಿ, ಮೇಣದ ಕಾಗದ ಸುತ್ತಿದ ವಿಲಾಯ್ತಿ ಮಾಲು ಮೇಲಿನ ಹಲಗೆಯ ಮೇಲೆ. ಕೇಳಿದವರಿಗೆಲ್ಲ ಮೇಲಿನದನ್ನು ಇಳಿಸಿ ಕೊಡುವ ಆಸಾಮಿಯಲ್ಲ ಅವರು. ಮೊದಲು ವಿಚಾರಣೆ ಆಗಬೇಕು.

"ದಿನಾ ಬೇಕೇನವ್ವಾ, ಇಲ್ಲಾ ಹಬ್ಬಕ್ಕೊಮ್ಮಿನೋ?"

"ಹಬ್ಬಕ್ಕೊಮ್ಮಿ ರೀ ಕಾಕಾ, ಮನಿ ಸಲುವಾಗಿ" ಎಂದೆ. ದುಡಿಯುವ ಅಗತ್ಯವೇ ಇಲ್ಲದವಳಂತೆ, ಸ್ವಲ್ಪ ಜಂಬದಿಂದಲೇ ಎಂದೆ.

"ಹಂಗಾರ ಇದು ಸಾಕು" ಎಂದು ಬುಟ್ಟಿಗೆ ಕೈ ಹಾಕಿದರು.

ಅದೇ ವಾರ ಶಾಲೆಯ ಹುಡುಗಿಯರ ಲಂಗಗಳು ಹೊಲಿಯಲು ಬಂದಿದ್ದವು. ಅರ್ಧಕ್ಕೇ ತಗಡಿನೊಳಗೆ ದಾರ ಸಿಕ್ಕಿ ಮಷಿನ್ ನಿಂತಿತು. ಬಿಚ್ಚಲು ಹೋದರೆ ಪೇಚಕಸ್ಸಿನ ತುದಿಯೇ ತಿರುಚಿತು, ಪೇಚಿನ ತಲೆಯ ಗೀರು ಸವೆದು ನುಣ್ಣಗಾಯಿತು. ಪೇಚು ಅಲ್ಲಾಡಲಿಲ್ಲ, ನಾನು ಪೇಚಿಗೆ ಸಿಕ್ಕಿಕೊಂಡೆ.

ಸಿಟ್ಟು ನೆತ್ತಿಗೇರಿತು. ಎದ್ದವಳೇ ಬಜಾರಿಗೆ ಹೋಗಿ ಗಿರಾಕಿಗಳೆದುರೇ ಅದನ್ನು ಅವರ ಮುಂದೆ ಎಸೆದೆ. "ಹೆಣ್ಮಗಳಂತ ಖೋಟಾ ಮಾಲು ಕೊಟ್ಟೀರಿ! ಇದು ಮೋಸಲ್ಲೇನ್ರಿ?"

ಕಾಕಾ ತಿರುಚಿದ ತುದಿಯನ್ನು ಬೆರಳಿನಿಂದ ಸವರಿದರು. ನನ್ನ ಸೆರಗಿಗೆ ಅಂಟಿದ್ದ ದಾರದ ತುಣುಕುಗಳನ್ನು ನೋಡಿದರು. ಅವರಿಗೆ ಗೊತ್ತಾಗಿಹೋಯಿತು. "ತಪ್ಪಾತು ಬಿಡವ್ವಾ, ಮಾಲೇ ಖರಾಬ್ ಇತ್ತು" ಎಂದರು, ಎಲ್ಲರಿಗೂ ಕೇಳುವಂತೆ.

ಮಧ್ಯಾಹ್ನ ಹಿತ್ತಲ ಬಾಗಿಲು ತಟ್ಟಿದವರು ಅವರೇ. ಪೇಚಿಗೆ ಚಿಮಣಿ ಎಣ್ಣೆ ಬಿಟ್ಟು, ಗರಗಸದ ಬ್ಲೇಡಿನಿಂದ ಹೊಸ ಗೀರು ಕೊರೆದು, ವಿಲಾಯ್ತಿ ಪೇಚಕಸ್ ಒತ್ತಿ ತಿರುವಿದರು. ಕರಕ್ಕೆಂದು ಬಿಟ್ಟಿತು. ಆ ಪೇಚಕಸ್ಸನ್ನು ಮಷಿನ್ನಿನ ಮೇಲೆಯೇ ಇಟ್ಟು ಎದ್ದರು.

"ದಿನಾ ದುಡಿಯೋ ಕೈಗೆ ಇದೇ ಬೇಕವ್ವಾ. ನನ್ನ ಮುಂದಾರ ಖರೇ ಹೇಳಬೇಕಿತ್ತು."

ಲಂಗಗಳು ಹೊತ್ತಿಗೆ ಸರಿಯಾಗಿ ಮುಗಿದವು. ಆದರೆ ಬಜಾರಿನಲ್ಲಿ ಆಡಿದ ಮಾತು ಅಲ್ಲೇ ಬೇರು ಬಿಟ್ಟಿತು. ಕಾಕಾರ ಮಾಲು ಖರಾಬ್ ಎಂದು ಮಂದಿ ಆಡಿಕೊಂಡರು. ಕೆಲವರು ಒಂದು ಮೊಳೆ ಬೇಕಾದರೂ ಸುರಪುರಕ್ಕೆ ಹೋಗತೊಡಗಿದರು. ನಾನು ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು, ಬಿಡಲಿಲ್ಲ. ಗಂಡನಿಗೆ ಮತ್ತೆ ನೌಕರಿ ಸಿಕ್ಕ ಮೇಲಾದರೂ ಹೇಳಬಹುದಿತ್ತು... ಆಗಲೂ ನಾಚಿಕೆ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ಕಾಕಾ ತೀರಿಕೊಂಡರು.

ಈಗ ಗಂಡನೂ ಇಲ್ಲ, ಮುಚ್ಚಿಡುವುದಕ್ಕೆ ಏನೂ ಇಲ್ಲ. ಕಾಕಾರ ಮಾಲು ಖರಾಬ್ ಇರಲಿಲ್ಲ, ಸುಳ್ಳು ಹೇಳಿದವಳು ನಾನು ಎಂದು ಬಜಾರಿನ ನಡುವೆ ನಿಂತು ಕೂಗಬಲ್ಲೆ. ಕೇಳಬೇಕಾಗಿದ್ದ ಆ ಗಿರಾಕಿಗಳಲ್ಲಿ ಒಬ್ಬರೂ ಉಳಿದಿಲ್ಲ.